ಒಂದು ಸೀಟಿನಿಂದ ಏನಾಗುತ್ತೆ ಎನ್ನುವವರಿಗೆ

ಚುನಾವಣೆಯ ಫಲಿತಾಂಶ ಬಂದ ಸಂಜೆ ನಮ್ಮ ಟಿ.ವಿ. ಪಂಡಿತರು ಒಂದು ಹಳೆಯ ತೀರ್ಪನ್ನು ತಪ್ಪದೆ ಓದುತ್ತಾರೆ: ಕರ್ನಾಟಕದ ಮಣ್ಣಿಗೆ ಪ್ರಾದೇಶಿಕ ಪಕ್ಷ ಒಗ್ಗುವುದಿಲ್ಲ. ಸಾಕ್ಷಿ ಕೇಳಿದರೆ ಬೆರಳು ಮಡಿಸಿ ಎಣಿಸುತ್ತಾರೆ. ಅರಸರ ಕ್ರಾಂತಿರಂಗ ಎಲ್ಲಿ ಹೋಯಿತು? ಬಂಗಾರಪ್ಪನವರ ಕೆಸಿಪಿ, ಕೆವಿಪಿಗಳು ಏನಾದವು? ಸಂಕೇಶ್ವರರ ಕನ್ನಡನಾಡು? ಯಡಿಯೂರಪ್ಪನವರ ಕೆಜೆಪಿ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್, ಜನಾರ್ದನ ರೆಡ್ಡಿಯವರ ಕೆಆರ್‌ಪಿಪಿ? ಹುಟ್ಟಿದವು, ಕೆಮ್ಮಿದವು, ಸತ್ತವು. ಈ ತೀರ್ಪು ಸ್ಟುಡಿಯೋದಿಂದ ಇಳಿದು ಹೋಟೆಲಿನ ಟೇಬಲ್ಲಿಗೆ ಬರುವ ಹೊತ್ತಿಗೆ ಇನ್ನೂ ಚುಟುಕಾಗಿರುತ್ತದೆ: "ಅವ್ರಿಗೆ ಹಾಕಿದ್ರೆ ಓಟು ವೇಸ್ಟು ಬಿಡಿ."

ಆ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. ಅದರಲ್ಲಿ ಒಂದಾದರೂ ಒಂದು ನಾಲೆಯ, ಒಂದು ಬೆಳೆಯ, ಒಂದು ತಾಲ್ಲೂಕಿನ ಪ್ರಶ್ನೆಗಾಗಿ ಹುಟ್ಟಿತೇ? ಕೆಜೆಪಿ 2012ರ ಕೊನೆಯಲ್ಲಿ ಕಣಕ್ಕಿಳಿಯಿತು, 2014ರ ಆರಂಭದಲ್ಲಿ ಬಿಜೆಪಿಯೊಳಕ್ಕೆ ಕರಗಿತು. ಕೆಆರ್‌ಪಿಪಿ 2022ರ ಡಿಸೆಂಬರಿನಲ್ಲಿ ಘೋಷಣೆಯಾಯಿತು, ಗಂಗಾವತಿ ಗೆದ್ದಿತು, 2024ರ ಮಾರ್ಚಿನಲ್ಲಿ ಬಿಜೆಪಿ ಸೇರಿತು. ಇವೆಲ್ಲ ನಾಯಕನೊಬ್ಬ ಮುನಿಸಿಕೊಂಡು ಮನೆ ಬಿಟ್ಟಾಗ ಬೀದಿಯಲ್ಲಿ ಹಾಕಿಸಿದ ಶಾಮಿಯಾನಗಳು. ರಾಜಿಯಾದ ದಿನ ಕಂಬ ಕಿತ್ತರು. ಇವುಗಳ ಸಾವನ್ನು ತೋರಿಸಿ ಪ್ರಾದೇಶಿಕ ರಾಜಕಾರಣವೇ ಸತ್ತಿತು ಎನ್ನುವವರು ಸಾಕ್ಷಿ ಹುಡುಕಲು ಹೋಗಿರುವುದೇ ತಪ್ಪು ವಿಳಾಸಕ್ಕೆ.

ತಮಾಷೆಯೆಂದರೆ ಈ ಶಾಮಿಯಾನಗಳು ಕೂಡ ಸುಮ್ಮನೆ ಹೋಗಲಿಲ್ಲ. ಕ್ರಾಂತಿರಂಗ 1983ರಲ್ಲಿ ಜನತಾ ಪಕ್ಷದ ಜೊತೆಗೂಡಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು. ಕೆಜೆಪಿ 2013ರಲ್ಲಿ ಗೆದ್ದದ್ದು 6 ಸೀಟು ಮಾತ್ರ. ಆದರೆ 2008ರಲ್ಲಿ 110 ಸ್ಥಾನ ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. ಆರು ಸೀಟಿನ ಪಕ್ಷವೊಂದು ಸರ್ಕಾರ ಬದಲಿಸಿದ ಮೇಲೂ ಅದಕ್ಕೆ ಹಾಕಿದ ಓಟು ವೇಸ್ಟು ಎಂದರೆ, ಕೆಲಸಕ್ಕೆ ಬಂದ ಓಟು ಯಾವುದೆಂದು ಈ ಪಂಡಿತರೇ ಹೇಳಬೇಕು.

ಇನ್ನೊಂದು ಗುಂಪಿದೆ. ಇವರು ಪ್ರಾದೇಶಿಕ ಪಕ್ಷದ ಭಕ್ತರು. ನಮಗೂ ಒಂದು ಡಿಎಂಕೆ ಬೇಕು, ನಮಗೂ ಒಬ್ಬ ಎನ್‌ಟಿಆರ್ ಬರಬೇಕು ಎಂದು ಕನಸು ಕಾಣುತ್ತ ಕುಳಿತವರು. ಬರಲಿಲ್ಲ ಎಂದು ಕನ್ನಡಿಗರಿಗೆ ಸ್ವಾಭಿಮಾನವಿಲ್ಲವೆಂದು ಬೈಯುವವರೂ ಇವರೇ. ಮೇಲ್ನೋಟಕ್ಕೆ ಮೊದಲ ಗುಂಪಿಗೂ ಇವರಿಗೂ ಹಾವು ಮುಂಗುಸಿ. ಒಳಗೆ ಇಬ್ಬರೂ ಹಿಡಿದಿರುವುದು ಒಂದೇ ಅಳತೆಗೋಲು: ಪಕ್ಷವೆಂದರೆ ವಿಧಾನಸೌಧದ ಮೂರನೇ ಮಹಡಿಗೆ ಏರಬೇಕು, ಏರದಿದ್ದರೆ ಸೋತಿತು. ನನ್ನ ತಕರಾರು ಈ ಅಳತೆಗೋಲಿನ ಮೇಲೆ. ಸ್ಥಳೀಯ ಹಿತಕ್ಕೆಂದು ಹುಟ್ಟಿದ ಸಣ್ಣ ಪಕ್ಷ ರಾಜ್ಯ ಆಳಬೇಕಾಗಿಲ್ಲ. ಆಳುವವರು ತನ್ನ ಊರಿನ ಪ್ರಶ್ನೆಯನ್ನು ದಾಟಿ ಹೋಗದಂತೆ ಅಡ್ಡ ನಿಂತರೆ ಅದರ ಕೆಲಸ ಆಯಿತು.

ಮೇಲುಕೋಟೆಯನ್ನೇ ತೆಗೆದುಕೊಳ್ಳಿ. ಚೆಲುವನಾರಾಯಣನ ಊರಿನ ಹೆಸರಿದ್ದರೂ ಕ್ಷೇತ್ರದ ಜೀವ ಇರುವುದು ಪಾಂಡವಪುರ ತಾಲ್ಲೂಕಿನ ಕಬ್ಬು, ಭತ್ತ, ವಿ.ಸಿ. ನಾಲೆಯ ನೀರಿನಲ್ಲಿ. 2008ರ ಮರುವಿಂಗಡಣೆಗೆ ಮುಂಚೆ ಪಾಂಡವಪುರ ಎಂದೇ ಇದ್ದ ಈ ಕ್ಷೇತ್ರದಿಂದ 1994ರಲ್ಲಿ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಆಮೇಲೆ ಬಹಳ ವರ್ಷ ಕ್ಷೇತ್ರ ಬೇರೆಯವರ ಕೈಯಲ್ಲಿತ್ತು. 2005ರಲ್ಲಿ ರೈತ, ದಲಿತ ಚಳವಳಿಯ ಜನ ಸೇರಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ದೇವನೂರ ಮಹಾದೇವರೂ ಅದರ ಮುಂಚೂಣಿಯಲ್ಲಿದ್ದರು. 2013ರಲ್ಲಿ ಪುಟ್ಟಣ್ಣಯ್ಯ ಆ ಪಕ್ಷದಿಂದ ಮತ್ತೆ ಗೆದ್ದರು. 2018ರ ಫೆಬ್ರವರಿಯಲ್ಲಿ, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಮೂರೇ ತಿಂಗಳಿಗೆ ನಡೆದ ಚುನಾವಣೆಯಲ್ಲಿ ಅಮೆರಿಕದಿಂದ ಬಂದ ಮಗ ದರ್ಶನ್ ಪುಟ್ಟಣ್ಣಯ್ಯ ಸ್ವರಾಜ್ ಇಂಡಿಯಾದಿಂದ ನಿಂತು 20 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ವರ್ಷ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್ ಪಾಲು. 2023ರಲ್ಲಿ ಅದೇ ಕ್ಷೇತ್ರದಲ್ಲಿ, ಅದೇ ಎದುರಾಳಿ ಸಿ.ಎಸ್. ಪುಟ್ಟರಾಜು ಅವರ ವಿರುದ್ಧ, ಸರ್ವೋದಯ ಕರ್ನಾಟಕದ ಹೆಸರಿನಲ್ಲೇ ದರ್ಶನ್ ಗೆದ್ದರು.

2018ರಲ್ಲಿ ದರ್ಶನ್‌ಗೆ ಓಟು ಹಾಕಿದ ಸಾವಿರಾರು ಜನಕ್ಕೆ ಅವತ್ತು ಸಂಜೆ ಊರಿನ ಜಾಣರೆಲ್ಲ ಓಟು ವೇಸ್ಟಾಯ್ತು ಎಂದಿರುತ್ತಾರೆ. ಆ ವೇಸ್ಟಾದ ಓಟುಗಳೇ ಐದು ವರ್ಷದ ಮೇಲೆ ಗೆಲುವಿಗೆ ತಳಪಾಯವಾದವು. ಸೋತ ಪಕ್ಷಕ್ಕೆ ಬಿದ್ದ ಓಟನ್ನು ಎಲ್ಲರಿಗಿಂತ ಮೊದಲು ಲೆಕ್ಕ ಹಾಕುವುದು ಗೆದ್ದ ಪಕ್ಷ. ಹಳೇ ಮೈಸೂರಿನ ಯಾವ ಬೂತ್ ಮಟ್ಟದ ಪುಢಾರಿಯನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಸ್ಟುಡಿಯೋದಲ್ಲಿ ಕೂತವರಿಗೆ ಮಾತ್ರ ಗೊತ್ತಿಲ್ಲ.

"ಕಾಂಗ್ರೆಸ್ಸಿನ ಕೃಪೆಯಿಂದ ಗೆದ್ದದ್ದಲ್ಲವೇ?" ಎಂಬ ಕುಹಕವೂ ಇದೆ. ಹೌದು, ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಲಿಲ್ಲ. 224ರಲ್ಲಿ 223 ಕಡೆ ನಿಂತ ಪಕ್ಷ ಅದೊಂದನ್ನು ಬಿಟ್ಟಿತು. ಯಾಕೆ ಬಿಟ್ಟಿತು? ಧರ್ಮಕ್ಕೋ? ಟಿಕೆಟ್ಟಿಗಾಗಿ ಒಂದೊಂದು ಕ್ಷೇತ್ರದಲ್ಲೂ ಆಕಾಂಕ್ಷಿಗಳು ಕಿತ್ತಾಡುವ ಪಕ್ಷ ಒಂದು ಕ್ಷೇತ್ರ ಬಿಟ್ಟುಕೊಟ್ಟಿದೆಯೆಂದರೆ, ನಿಂತರೆ ತಾನೂ ಸೋಲುತ್ತೇನೆ, ಮೂರನೆಯವನೂ ಗೆಲ್ಲುತ್ತಾನೆ ಎಂದು ಅದಕ್ಕೆ ಗೊತ್ತಾಗಿದೆ ಎಂದೇ ಅರ್ಥ. ದೊಡ್ಡವರನ್ನು ಹೀಗೆ ಲೆಕ್ಕಕ್ಕೆ ಇಳಿಸುವುದಕ್ಕೇ ಸಣ್ಣ ಪಕ್ಷ ಬೇಕಾಗಿರುವುದು.

ಹಾಗಾದರೆ ಆ ಊರಿನ ಪ್ರಶ್ನೆ ಏನು, ದೊಡ್ಡ ಪಕ್ಷಗಳು ಅದನ್ನು ಕೇಳಲಾರವೇ? ಕಬ್ಬಿನ ವಿಷಯ ನೋಡೋಣ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈ ಸೇರಿತು. ಕಾರ್ಖಾನೆ ನಿಂತರೆ ಹೊಲದಲ್ಲಿ ಏನಾಗುತ್ತದೆ ಎಂಬುದು ಮಂಡ್ಯದವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ಒಪ್ಪಿಗೆ ಕಬ್ಬಿಗೆ ಕಟಾವು ಆದೇಶ ಬರುವುದಿಲ್ಲ. ಹನ್ನೆರಡು ತಿಂಗಳಿಗೆ ಕಡಿಯಬೇಕಾದ್ದು ಹದಿನಾಲ್ಕು, ಹದಿನೈದಕ್ಕೆ ಬೀಳುತ್ತದೆ. ಸೂಲಂಗಿ ಹೊರಟು, ಜಲ್ಲೆಯೊಳಗೆ ಬೆಂಡು ಕಟ್ಟಿ, ತೂಕ ಇಳಿಯುತ್ತದೆ. ಕೊನೆಗೆ ಆಲೆಮನೆಯವನು ಹೇಳಿದ ರೇಟಿಗೆ ಒಪ್ಪಬೇಕು. ಕಡಿಯುವ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಮುರಿದುಕೊಂಡು ಉಳಿದದ್ದು ಸೊಸೈಟಿ ಸಾಲದ ಬಡ್ಡಿಗೆ. ಅತ್ತ ಕೂಳೆ ಬೆಳೆಗೆ ಗೊಬ್ಬರ ಹಾಕುವ ಹೊತ್ತೂ ಮೀರಿರುತ್ತದೆ.

ಕಾರ್ಖಾನೆ ನಡೆದರೂ ದರ ನಿಗದಿಯಾಗುವುದು ದೆಹಲಿಯಲ್ಲಿ. 2025-26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಟನ್ನಿಗೆ 3,550 ರೂಪಾಯಿ. ಕೇಳಲು ಚೆನ್ನಾಗಿದೆ. ಅದು ಶೇ 10.25ರಷ್ಟು ಸಕ್ಕರೆ ಇಳುವರಿ ಬಂದರೆ ಮಾತ್ರ. ಇಳುವರಿ ಶೇ 9.5 ಅಥವಾ ಅದಕ್ಕೂ ಕಡಿಮೆಯಾದರೆ ಸಿಗುವುದು 3,290 ರೂಪಾಯಿ 50 ಪೈಸೆ. ಈ ಮೂಲ ಇಳುವರಿಯ ಗೆರೆ ಒಂದು ಕಾಲಕ್ಕೆ 8.5 ಇತ್ತು. 2009ರ ಹೊತ್ತಿಗೆ 9.5 ಆಯಿತು, 2018ಕ್ಕೆ 10, 2022ಕ್ಕೆ 10.25. ಕಡೆಯ ಆ ಕಾಲು ಪಾಯಿಂಟ್ ಏರಿಕೆ ಒಂದೇ, 2025-26ರ ದರದಲ್ಲಿ, ಟನ್ನಿಗೆ ಸುಮಾರು 86 ರೂಪಾಯಿ ತಿಂದುಹಾಕುತ್ತದೆ. ಗೆರೆ ಏರಿಸಿದ್ದು ಯುಪಿಎ ಕಾಲದಲ್ಲೂ ಹೌದು, ಎನ್‌ಡಿಎ ಕಾಲದಲ್ಲೂ ಹೌದು. ಇಳುವರಿ ಜಾಸ್ತಿ ಬರುವ ಬೆಳಗಾವಿ ಕಡೆಗೂ ಕಡಿಮೆ ಬರುವ ಕಾವೇರಿ ಬಯಲಿಗೂ ಈ ಗೆರೆಯ ಪೆಟ್ಟು ಒಂದೇ ಥರ ಬೀಳುವುದಿಲ್ಲ. ದೆಹಲಿಗೆ ಅದು ಅಂಕಿ, ಮಂಡ್ಯಕ್ಕೆ ಅನ್ನ.

ಯಾವ ರಾಷ್ಟ್ರೀಯ ಪಕ್ಷದ ಪ್ರಣಾಳಿಕೆಯ ಮೊದಲ ಪುಟಕ್ಕೆ ಈ ಕಾಲು ಪಾಯಿಂಟ್ ಬರುತ್ತದೆ? ಬರಲಾರದು. ಉತ್ತರಪ್ರದೇಶ, ಮಹಾರಾಷ್ಟ್ರ, ಕರ್ನಾಟಕ ಮೂರನ್ನೂ ಸಂಭಾಳಿಸುವ ಪಕ್ಷ ಮೂರಕ್ಕೂ ಹೊಂದುವ ಗೋಲುಮಾಲು ಮಾತನ್ನೇ ಆಡಬೇಕು. ಮೇಲಾಗಿ ಕಾರ್ಖಾನೆಗಳ ಒಡೆಯರು ದೊಡ್ಡ ಪಕ್ಷಗಳ ಬೆಂಚುಗಳಲ್ಲೇ ಕುಳಿತಿದ್ದಾರೆ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಡ್ಡಿ ಸೇರಿಸಿ ಬಿಲ್ಲು ಪಡೆದ ರೈತನನ್ನು ಹುಡುಕಿ ಹೊರಡಿ, ಸಿಕ್ಕರೆ ನನಗೂ ತಿಳಿಸಿ. ಕಾವೇರಿಯದೂ ಇದೇ ಪಾಡು. ತಮಿಳುನಾಡಿನಲ್ಲೂ ಓಟು ಕೇಳಬೇಕಾದ ಪಕ್ಷ ಕೆಆರ್‌ಎಸ್ ಕಟ್ಟೆಯ ಮೇಲೆ ನಿಂತು ಎಷ್ಟು ಗಟ್ಟಿಯಾಗಿ ಕೂಗೀತು? ಜೆಡಿಎಸ್ ಇದೆಯಲ್ಲ ಎಂದರೆ, ಹಳೆಯ ಜನತಾ ಪರಿವಾರದ ಆ ತುಂಡು 2023ರಿಂದ ಎನ್‌ಡಿಎ ಪಾಲುದಾರ. ಅದರ ಬಗ್ಗೆ ಇಷ್ಟು ಸಾಕು.

ಸರಿ, ಒಬ್ಬ ಶಾಸಕ ಇದ್ದು ಮಾಡುವುದೇನು ಎಂಬುದು ಮುಂದಿನ ಸವಾಲು. ನೆರೆಯ ಗೋವಾಕ್ಕೆ ಹೋಗಿ ಬರೋಣ. 1963ರ ಮೊದಲ ಚುನಾವಣೆಯಲ್ಲಿ ಮಹಾರಾಷ್ಟ್ರದ ಜೊತೆ ವಿಲೀನ ಬಯಸಿದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರ ಹಿಡಿಯಿತು, ದಯಾನಂದ ಬಾಂದೋಡಕರ್ ಮುಖ್ಯಮಂತ್ರಿಯಾದರು. ಜ್ಯಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷಕ್ಕೆ 30ರಲ್ಲಿ ಸಿಕ್ಕಿದ್ದು 12. ವಿಲೀನವೋ ಅಲ್ಲವೋ ಎಂಬುದನ್ನು ಶಾಸನಸಭೆ ತೀರ್ಮಾನಿಸಬಾರದು, ಜನರನ್ನೇ ಕೇಳಬೇಕು ಎಂದು ಆ ಪಕ್ಷ ಪಟ್ಟು ಹಿಡಿಯಿತು. ಜನಮತಗಣನೆ ನಿಷ್ಪಕ್ಷಪಾತವಾಗಿ ನಡೆಯಬೇಕಾದರೆ ಸರ್ಕಾರವೇ ಇಳಿಯಬೇಕು ಎಂದಿತು. ಬಾಂದೋಡಕರ್ ರಾಜೀನಾಮೆ ಕೊಟ್ಟರು. 1967ರ ಜನವರಿ 16ರಂದು ಮತದಾನವಾಯಿತು. 34,021 ಮತಗಳ ಅಂತರದಲ್ಲಿ ಗೋವಾ ಗೋವಾ ಆಗಿಯೇ ಉಳಿಯಿತು. ಸಿಕ್ವೇರಾ ಪಕ್ಷ ಒಂದು ದಿನವೂ ಆಳಲಿಲ್ಲ. ಮುಂದೆ ಹರಿದು ಹಂಚಿ ಹೋಯಿತು. ನಮ್ಮ ಪಂಡಿತರ ಲೆಕ್ಕದಲ್ಲಿ ಅದು ಸೋತ ಪಕ್ಷ. ಮಹದಾಯಿ ನೀರಿಗೆ ನಮ್ಮೊಡನೆ ಜಗಳಕ್ಕೆ ನಿಲ್ಲುವ ಗೋವಾ ಎಂಬ ರಾಜ್ಯ ಇವತ್ತು ಇರುವುದು ಆ ಸೋತ ಪಕ್ಷದ ದೆಸೆಯಿಂದ.

ನಮ್ಮದೇ ಜನರ ಉದಾಹರಣೆ ಬೇಕಾದರೆ ಕಾಸರಗೋಡು. ಏಕೀಕರಣದಲ್ಲಿ ಕೇರಳಕ್ಕೆ ಹೋದ ಆ ಸೀಮೆಯ ಮಂಜೇಶ್ವರದಿಂದ 1957ರಲ್ಲಿ ಎಂ. ಉಮೇಶ್ ರಾವ್ ಪಕ್ಷೇತರರಾಗಿ ಅವಿರೋಧ ಆಯ್ಕೆಯಾದರು. 1960 ಮತ್ತು 1967ರಲ್ಲಿ ಕೆ. ಮಹಾಬಲ ಭಂಡಾರಿ ಪಕ್ಷೇತರರಾಗಿಯೇ ಗೆದ್ದರು. ಅವರ ಬೆನ್ನಿಗಿದ್ದದ್ದು ಕರ್ನಾಟಕಕ್ಕೆ ಸೇರಬೇಕೆಂಬ ಕನ್ನಡಿಗರ ಒಗ್ಗಟ್ಟು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಜಾರಿಯಾಗಲಿಲ್ಲ, ನಿಜ. 1970ರಿಂದ ಈಚೆಗೆ ಆ ಕ್ಷೇತ್ರ ದೊಡ್ಡ ಪಕ್ಷಗಳ ಪಾಲು. ಅಲ್ಲಿಂದ ಇಲ್ಲಿಯವರೆಗೆ ಕಾಸರಗೋಡಿನ ಕನ್ನಡ ಶಾಲೆಯ ಅಳಲು ಯಾವ ಪಕ್ಷದ ಶಾಸಕಾಂಗ ಸಭೆಯ ಅಜೆಂಡಾ? ಎಲ್ಲರೂ ಸಹಾನುಭೂತಿ ತೋರಿಸುತ್ತಾರೆ. ಅದಕ್ಕಾಗಿಯೇ ಗೆದ್ದು ಬಂದವರು ಯಾರೂ ಇಲ್ಲ.

"ಹಾಗಾದರೆ ಎಂಇಎಸ್?" ಎಂದು ಯಾರಾದರೂ ಕೇಳಲೇಬೇಕು. ಕೇಳಲಿ. ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೇಡಿಕೆ ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ. ಆದರೆ ಅದೇ ಪಕ್ಷದ ಕಥೆ, ಸ್ಥಳೀಯ ಪಕ್ಷವೆಂದರೆ ನಾಡು ಒಡೆಯುವ ಭೂತ ಎಂಬ ಹೆದರಿಕೆಯನ್ನು ಬಿಡಿಸುತ್ತದೆ. ದಶಕಗಳ ಕಾಲ ಬೆಳಗಾವಿ ಸುತ್ತಿನಲ್ಲಿ ಗೆದ್ದ ಸಮಿತಿ 2013ರಲ್ಲಿ ಬೆಳಗಾವಿ ದಕ್ಷಿಣ, ಖಾನಾಪುರ ಎರಡನ್ನು ಮಾತ್ರ ಗೆದ್ದಿತು. 2018ರಲ್ಲಿ, 2023ರಲ್ಲಿ ಸೊನ್ನೆ. ಅದನ್ನು ಸೋಲಿಸಿದ್ದು ಪೊಲೀಸರೂ ಅಲ್ಲ, ನಿಷೇಧವೂ ಅಲ್ಲ. ಗಡಿಯ ಕೂಗಿನಿಂದ ಚರಂಡಿ ಕಟ್ಟುವುದಿಲ್ಲ ಎಂದು ಅಲ್ಲಿನ ಮರಾಠಿ ಮತದಾರರೇ ತೀರ್ಮಾನಿಸಿದರು. ಊರಿನ ಪ್ರಶ್ನೆ ಹಿಡಿದವನಿಗೆ ಓಟು, ಪ್ರಶ್ನೆ ಹಳಸಿದ ಮೇಲೂ ಅದನ್ನೇ ಜಪಿಸುವವನಿಗೆ ಮನೆ. ಸ್ಥಳೀಯ ಪಕ್ಷಕ್ಕೆ ಜನರಿಂದ ತಪ್ಪಿಸಿಕೊಂಡು ಅವಿತುಕೊಳ್ಳಲು ಇನ್ನೊಂದು ರಾಜ್ಯವಿಲ್ಲ.

ಸಣ್ಣ ಪಕ್ಷಗಳು ಸರ್ಕಾರ ಅಲುಗಾಡಿಸುತ್ತವೆ, ಸ್ಥಿರತೆಗೆ ದೊಡ್ಡ ಪಕ್ಷವೇ ಸರಿ ಎಂಬ ಮಾತನ್ನು ಕರ್ನಾಟಕದಲ್ಲಿ ಹೇಳಲು ಧೈರ್ಯ ಬೇಕು. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ ಬಿದ್ದಾಗ ಅನರ್ಹರಾದ 17 ಶಾಸಕರು ಯಾರ ಕಡೆಯವರು? 14 ಮಂದಿ ಕಾಂಗ್ರೆಸ್, ಮೂವರು ಜೆಡಿಎಸ್. ಅವರಲ್ಲಿ ಬಹುತೇಕರನ್ನು ಮುಂಬೈ ಹೋಟೆಲಿನಿಂದ ಕರೆತಂದು ಮತ್ತೆ ಚುನಾವಣೆಗೆ ನಿಲ್ಲಿಸಿದ್ದು ಬಿಜೆಪಿ. ಕಾಂಗ್ರೆಸ್ಸಿನ ಲೆಕ್ಕಕ್ಕೆ ಸೇರಿದ ಆ 14ರಲ್ಲಿ ರಾಣೆಬೆನ್ನೂರಿನ ಆರ್. ಶಂಕರ್ ಒಬ್ಬರು, ಕೆಪಿಜೆಪಿ ಎಂಬ ಸಣ್ಣ ಪಕ್ಷದ ಚಿಹ್ನೆಯಲ್ಲಿ ಗೆದ್ದವರು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಊರಿನ ಪಕ್ಷವಾಗಿರಲಿಲ್ಲ, ಟಿಕೆಟ್ ಸಿಗದವರಿಗೆ ಸಿಕ್ಕ ಬಾಡಿಗೆ ಮನೆಯಾಗಿತ್ತು. ರೈತಸಂಘದಲ್ಲೂ ಹಾರಿದವರಿಲ್ಲವೆಂದಲ್ಲ. 1989ರಲ್ಲಿ ಸಂಘದಿಂದ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದ ಬಾಬಾಗೌಡ ಪಾಟೀಲರು ಮುಂದೆ ಬಿಜೆಪಿ ಸೇರಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಸಂಘ ಒಡೆದು ಒಡೆದು ಈಗ ಎಷ್ಟು ಬಣ ಎಂದು ಹಸಿರು ಶಾಲು ಹೊದ್ದವರಿಗೇ ಲೆಕ್ಕ ತಪ್ಪುತ್ತದೆ. ಅಪ್ಪನ ಕ್ಷೇತ್ರಕ್ಕೆ ಮಗ ಬಂದದ್ದೂ ನನಗೆ ಖುಷಿಯ ವಿಷಯವಲ್ಲ; ವಂಶದ ರೋಗ ಹಸಿರು ಶಾಲಿಗೂ ಅಂಟಿದೆ ಎಂದು ನೇರವಾಗಿಯೇ ಹೇಳಬೇಕು.

ಇಷ್ಟೆಲ್ಲ ದೌರ್ಬಲ್ಯದ ನಡುವೆಯೂ ಆ ಚಳವಳಿ ಮಾಡಿದ್ದು ಕಡಿಮೆಯಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಬೆಟರ್‌ಮೆಂಟ್ ಲೆವಿಯ ವಿರುದ್ಧ ಸಿಡಿದ ಮಲಪ್ರಭಾ ಅಚ್ಚುಕಟ್ಟಿನ ರೈತರ ಹಿಂದೆ ಯಾವ ಹೈಕಮಾಂಡೂ ಇರಲಿಲ್ಲ. ಅಲ್ಲಿನ ಗೋಲಿಬಾರಿನ ಕಾವಿನಲ್ಲೇ ರೈತಸಂಘ ಗಟ್ಟಿಯಾಯಿತು, 1983ರಲ್ಲಿ ಗುಂಡೂರಾವ್ ಸರ್ಕಾರ ಮನೆಗೆ ಹೋಗಲು ಅದೂ ಒಂದು ಕಾರಣವಾಯಿತು. ಸಾಲ ವಸೂಲಿಯವರು ಹೇಳದೆ ಕೇಳದೆ ಊರೊಳಗೆ ಬರಬಾರದು ಎಂಬ ಬೋರ್ಡು ಊರಬಾಗಿಲಲ್ಲಿ ನಿಂತಾಗ, ಜಪ್ತಿಗೆ ಬಂದ ಜೀಪು ಹಿಂದಕ್ಕೆ ತಿರುಗಿದ್ದನ್ನು ಕಂಡ ತಲೆಮಾರು ಇನ್ನೂ ಇದೆ. ಮಂಡ್ಯದ ಮೈಶುಗರ್ ಕಾರ್ಖಾನೆಯನ್ನು ಖಾಸಗಿಗೆ ಕೊಡುವ ಪ್ರಯತ್ನ 2021ರಲ್ಲಿ ನಿಂತದ್ದೂ ಜಿಲ್ಲೆಯ ಜನ ಧರಣಿ ಕೂತ ಮೇಲೆಯೇ. ಇವರಲ್ಲಿ ಯಾರ ಕೈಯಲ್ಲೂ ವಿಧಾನಸೌಧದ ಕೀಲಿಕೈ ಇರಲಿಲ್ಲ.

ಸಣ್ಣ ಪಕ್ಷ ಬೆಳೆಯುವುದಿಲ್ಲ ಎನ್ನುವವರು ಅದನ್ನು ಬೆಳೆಯಗೊಡದ ಕಾನೂನನ್ನು ಒಂದು ಸಲವಾದರೂ ಓದಿದ್ದಾರೆಯೇ? 1968ರ ಚಿಹ್ನೆಗಳ ಆದೇಶದ ಪ್ರಕಾರ ಮಾನ್ಯತೆಯಿಲ್ಲದ ಪಕ್ಷಕ್ಕೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಸಿಗಬೇಕಾದರೆ ರಾಜ್ಯದ ಶೇ 5ರಷ್ಟು ಕ್ಷೇತ್ರಗಳಲ್ಲಿ ಅದು ನಿಲ್ಲಬೇಕು. ಕರ್ನಾಟಕದಲ್ಲಿ ಅಂದರೆ ಹನ್ನೆರಡು ಕ್ಷೇತ್ರ. ಮಂಡ್ಯ ಜಿಲ್ಲೆಯಲ್ಲಿ ಇರುವುದೇ ಏಳು. ಮಂಡ್ಯದ ಕಬ್ಬಿಗಾಗಿ, ಕೊಡಗಿನ ಕಾಫಿಗಾಗಿ ಪಕ್ಷ ಕಟ್ಟಿದವನು ಚಿಹ್ನೆಯ ಆಸೆಗೆ ತನಗೆ ಸಂಬಂಧವಿಲ್ಲದ ಜಿಲ್ಲೆಗಳಲ್ಲೆಲ್ಲ ಠೇವಣಿ ಕಟ್ಟಿ ಕಳೆದುಕೊಳ್ಳಬೇಕು. ಇಲ್ಲವೆಂದರೆ ನಾಮಪತ್ರ ವಾಪಸಾತಿ ಮುಗಿದ ಮೇಲೆ ಸಿಕ್ಕ ಚಿಹ್ನೆಯನ್ನು ಹದಿನೈದು ದಿನದೊಳಗೆ ಊರೂರಿಗೆ ಹೊತ್ತು, ಕನ್ನಡಕ ಮರೆತು ಬಂದ ಅಜ್ಜಿಗೂ ಗುರುತು ಹಿಡಿಯುವಂತೆ ಮಾಡಬೇಕು. ಕಮಲ, ಕೈ, ತೆನೆಹೊತ್ತ ಮಹಿಳೆಗೆ ಆ ತಾಪತ್ರಯವಿಲ್ಲ. ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿಯಿದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಇದರಿಂದ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ. ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ರದ್ದು ಮಾಡಿದ ಚುನಾವಣಾ ಬಾಂಡ್ ಕೂಡ ಕಳೆದ ಚುನಾವಣೆಯಲ್ಲಿ ಶೇ 1ರಷ್ಟು ಮತ ಪಡೆದವರಿಗೆ ಮಾತ್ರ ಎಂದಿತ್ತು. ರಾಜ್ಯದ ಒಟ್ಟು ಮತದಲ್ಲಿ ಶೇ 1ನ್ನು ಒಂದು ತಾಲ್ಲೂಕಿನ ಪಕ್ಷ ಎಲ್ಲಿಂದ ತರುತ್ತದೆ?

ಊರಿನ ಪಕ್ಷಕ್ಕೆ ಸಹಜವಾದ ಅಖಾಡ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಮೊದಲು ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ, ಇಬ್ಬರೂ ಮೀಸಲಾತಿ, ಕ್ಷೇತ್ರ ವಿಂಗಡಣೆ ಎನ್ನುತ್ತ ಚುನಾವಣೆಯನ್ನು ವರ್ಷದಿಂದ ವರ್ಷಕ್ಕೆ ದೂಡಿದವು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಅಲ್ಲಿಗೆ ಐದು ವರ್ಷಕ್ಕೊಮ್ಮೆ ಬರುವ ವಿಧಾನಸಭೆ ಚುನಾವಣೆಯೊಂದೇ ಉಳಿಯಿತು, ಅಲ್ಲೂ ಹಣದ ಹೊಳೆ. ಓಡಲು ಬಿಡದೆ ಕಾಲು ಕಟ್ಟಿ, ಇವನಿಗೆ ಓಡಲು ಬರುವುದಿಲ್ಲ ಎಂದು ಷರಾ ಬರೆಯುವುದು ನಮ್ಮ ರಾಜಕೀಯ ವಿಶ್ಲೇಷಣೆ.

ಇದನ್ನು ಸರಿಪಡಿಸಲು ಸಂವಿಧಾನ ತಿದ್ದಬೇಕಾಗಿಲ್ಲ. ಚಿಹ್ನೆಯ ಆದೇಶ ಚುನಾವಣಾ ಆಯೋಗದ್ದೇ. ರಾಜ್ಯದ ಶೇ 5 ಎನ್ನುವಲ್ಲಿ ಒಂದು ಜಿಲ್ಲೆಯ ಅರ್ಧ ಕ್ಷೇತ್ರಗಳು ಎಂದು ಸೇರಿಸಿದರೆ ಸಾಕು. ಜಿಲ್ಲಾ ಪಂಚಾಯಿತಿ ಚುನಾವಣೆ ಸಕಾಲಕ್ಕೆ ನಡೆಸುವುದಕ್ಕೆ ಹೊಸ ಕಾನೂನೇ ಬೇಡ, ಇರುವುದನ್ನು ಪಾಲಿಸಿದರಾಯಿತು. ಈ ಎರಡು ಬೇಡಿಕೆಯನ್ನು ಸದನದಲ್ಲಿ ಎತ್ತಿದರೆ ದೊಡ್ಡ ಪಕ್ಷಗಳಿಗೆ ನಷ್ಟವೇ ಹೊರತು ಲಾಭವಿಲ್ಲ, ಅವು ಎತ್ತುವುದಿಲ್ಲ. ಎತ್ತಬೇಕಾದವರು ಮೇಲುಕೋಟೆಯ ಶಾಸಕರು. ಕಾಂಗ್ರೆಸ್ ಬೆಂಬಲದಿಂದ ಗೆದ್ದರು ಎಂಬ ಮಾತು ಅವರ ಬೆನ್ನು ಬಿಟ್ಟಿಲ್ಲ. ಅದು ಬೆಂಬಲವಾಗಿತ್ತೋ ಮೂಗುದಾರವಾಗಿತ್ತೋ ಎನ್ನುವುದು ಅವರು ಕಾಂಗ್ರೆಸ್ ಸರ್ಕಾರದ ಮುಂದೆ ನಿಂತು ಜಿಲ್ಲಾ ಪಂಚಾಯಿತಿ ಚುನಾವಣೆ ಯಾವತ್ತು ಎಂದು ಎಷ್ಟು ಸಲ ಕೇಳುತ್ತಾರೆ ಎಂಬುದರಲ್ಲಿ ಗೊತ್ತಾಗುತ್ತದೆ.